ಕರಡಿಗೆಯ ಸದ್ದು

ತಪ್ಪು ನನ್ನದೇ, ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ತನ್ನದೂ ಪಾಲಿದೆ ಎಂದು ಜೊತೆಗೆ ಕೆಲಸ ಮಾಡುವ ಆನಂದ್ ಅನ್ನುತ್ತಾನೆ, ಅದು ಅವನ ದೊಡ್ಡತನ.

ಮಾಚೇನಹಳ್ಳಿಯಲ್ಲಿ, ಮೊದಲು ಬೇರಿಂಗ್ ಗೋಡೌನ್ ಆಗಿದ್ದ ಶೆಡ್ಡೊಂದರಲ್ಲಿ ನಾವಿಬ್ಬರೂ ಎದೆಗೆ ಅಂಟಿಸುವ ಪಟ್ಟಿಯೊಂದನ್ನು ತಯಾರಿಸುತ್ತಿದ್ದೆವು. ಬೆರಳುದ್ದದ ಪಟ್ಟಿ. ಹೃದಯದ ಬಡಿತವನ್ನು ಗೆರೆಯಾಗಿಸಿ, ಜೇಬಿನ ಫೋನಿನ ಮೂಲಕ ನಮಗೆ ಕಳಿಸುತ್ತದೆ. ಬಡಿತ ತಪ್ಪಿದರೆ ನಮ್ಮ ಕಂಪ್ಯೂಟರಿನಲ್ಲಿ ಗಂಟೆ ಹೊಡೆಯುತ್ತದೆ. ಪರೀಕ್ಷೆಗೆ ಭದ್ರಾವತಿಯ ನ್ಯೂ ಟೌನಿನ ನಲವತ್ತು ಹಿರಿಯರು ಒಪ್ಪಿದ್ದರು. ಅವರಲ್ಲಿ ಒಂಬತ್ತು ಜನರ ಗಂಟೆ ಮೊದಲ ದಿನದಿಂದಲೇ ಹೊಡೆದುಕೊಳ್ಳತೊಡಗಿತು. ಒಂಬತ್ತೂ ಜನ ಲಿಂಗಧಾರಿಗಳು. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಎದೆಯ ಮೇಲೆ ತೂಗಾಡುತ್ತ ಪಟ್ಟಿಗೆ ಬಡಿದಾಗಲೆಲ್ಲ ಪಟ್ಟಿ ಚರ್ಮ ಬಿಟ್ಟು ಏಳುತ್ತಿತ್ತು, ಗೆರೆ ಮಟ್ಟಸವಾಗಿ ಮಲಗಿಬಿಡುತ್ತಿತ್ತು.

"ಕರಡಿಗೆ ಸ್ವಲ್ಪ ದಿನ ತೆಗೆದಿಡೋಕೆ ಆಗುತ್ತಾ ಸಾರ್?" ಎಂದು ವೀರಪ್ಪನವರನ್ನು ಕೇಳಿದ್ದೆ. ಒಂಬತ್ತು ಜನರಲ್ಲಿ ಅವರೊಬ್ಬರು. ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು, ಎಪ್ಪತ್ತೊಂದು ವರ್ಷ.

"ಲಿಂಗ ಮೈಮೇಲಿಂದ ಇಳಿಸೋದಾ? ಜೀವ ಹೋದಂಗೆ ಕಣಮ್ಮ ಅದು. ನಿನ್ನ ಪಟ್ಟೀನೇ ಸರಿ ಮಾಡ್ಕೋ," ಎಂದು ನಕ್ಕಿದ್ದರು.

ಸರಿ ಮಾಡಿದೆ. ಈ ಒಂಬತ್ತು ಜನರ ಗೆರೆ ಯಾವಾಗ ಮಟ್ಟಸವಾದರೂ ಅದು ಕರಡಿಗೆಯ ಸದ್ದು, ಹೃದಯದ್ದಲ್ಲ, ಎಸೆದುಬಿಡು ಎಂದು ಕಂಪ್ಯೂಟರಿಗೆ ಒಂದೇ ಒಂದು ಸಾಲು ಬರೆದೆ. ಗಂಟೆ ನಿಂತಿತು. ನನಗೋ ಜಂಬ ತಲೆಗೇರಿತ್ತು, ಆನಂದ್‌ಗೆ ಮಸಾಲೆ ದೋಸೆ ಕೊಡಿಸಿದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಜಾಣೆ ನಾನು.

ಆ ಸಾಲು ಬರೆದ ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ವೀರಪ್ಪನವರ ಹೆಂಡತಿ ಸುಭದ್ರಮ್ಮ ಫೋನ್ ಮಾಡಿದರು.

"ಪಟ್ಟಿ ಸುತ್ತ ಕೆಂಪಗಾಗಿದೆ ನೋಡು ಧನಲಕ್ಷ್ಮಿ, ನವೆ ಅಂತಾರೆ. ಬೆಳಿಗ್ಗೆ ಪೂಜೆಗೆ ಕೂತಾಗ ಕಣ್ಣಿಗೆ ಬಿತ್ತು. ಆಗ ಕರಡಿಗೆ ತೆಗ್ದು ಮಣೆ ಮೇಲೆ ಇಟ್ಟಿರ್ತಾರಲ್ಲ, ಎಲ್ಲ ಕಾಣುತ್ತೆ."

"ತೆಗೆದಿಡ್ತಾರಾ? ಸಾರ್ ಇಳಿಸೋದೇ ಇಲ್ಲ ಅಂದಿದ್ರಲ್ಲ?"

"ಲಿಂಗ ಎಲ್ಲಿ ಇಳಿಸ್ತಾರೆ, ಅದು ಅಂಗೈಲಿರುತ್ತೆ. ಖಾಲಿ ಕರಡಿಗೆ ಮಣೆ ಮೇಲೆ. ದಿನಾ ಆರರಿಂದ ಆರೂವರೆ. ಇಷ್ಟೂ ಗೊತ್ತಿಲ್ವಾ ಮಾರಾಯ್ತಿ?"

ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಮುಲಾಮಿನ ಹೆಸರು ಹೇಳಿ ಫೋನಿಟ್ಟೆ. ಆಮೇಲೆ, ಏನೋ ಒಂದು ಚುಚ್ಚಿದಂತಾಗಿ, ಎಸೆದ ಗೆರೆಗಳಿದ್ದ ಕಡತ ತೆರೆದೆ. ವೀರಪ್ಪನವರದು, ಆರರಿಂದ ಆರೂವರೆ. ಆ ಅರ್ಧ ಗಂಟೆಯಲ್ಲಿ ಏನೂ ಇರಬಾರದು, ಬಡಿಯಲು ಕರಡಿಗೆಯೇ ಇಲ್ಲವಲ್ಲ. ಇತ್ತು. ಎರಡನೆಯ ದಿನ ಮೂರು ಸೆಕೆಂಡು ಮಟ್ಟಸ ಗೆರೆ. ಆರನೆಯ ದಿನ ನಾಲ್ಕು ಸೆಕೆಂಡು, ಎರಡು ಸಲ. ಇವತ್ತು ಆರು ಗಂಟೆ ಹನ್ನೆರಡು ನಿಮಿಷಕ್ಕೆ ಆರು ಸೆಕೆಂಡು.

ಅದು ಸದ್ದಲ್ಲ, ಹೃದಯವೇ ನಿಂತದ್ದು. ನಿಂತು, ಹೇಗೋ ಮತ್ತೆ ಹೊರಟದ್ದು.

ತಿರುಗಿ ಫೋನ್ ಮಾಡಿದೆ. "ಅಮ್ಮ, ಸಾರ್ ಎಲ್ಲಿ?"

"ಈಗ ತಾನೆ ಸ್ಕೂಟರ್ ತಗೊಂಡು ಹೊರಟ್ರು. ಓಲ್ಡ್ ಟೌನ್ ಗಿರಣಿಗೆ, ಜೋಳ ಬೀಸ್ಸೋಕೆ. ಫೋನ್ ಇಲ್ಲೇ ಮರ್ತಿದಾರೆ. ಯಾಕಮ್ಮ?"

ಗಿರಣಿಗೇ ಹೋಗಿ ನೋಡ್ತೀನಿ ಎಂದಷ್ಟೇ ಹೇಳಿ ಫೋನಿಟ್ಟೆ. ಜೇಬಿನಲ್ಲಿ ಫೋನಿಲ್ಲದಿದ್ದರೆ ಪಟ್ಟಿಯಿಂದ ನಮಗೊಂದು ಗೆರೆಯೂ ಬರುವುದಿಲ್ಲ. ಹೃದಯ ಯಾವಾಗ ನಿಲ್ಲುವುದೋ ಗೊತ್ತಿಲ್ಲದ ಮನುಷ್ಯ ಲಾರಿಗಳ ನಡುವೆ ಸ್ಕೂಟರ್ ಓಡಿಸಿಕೊಂಡು ಹೋಗುತ್ತಿದ್ದಾರೆ, ಮುಂದೆ ಭದ್ರೆಯ ಸೇತುವೆ ಇದೆ.

ಆನಂದ್ ಕಾರು ತೆಗೆದ. "ಏನೂ ಆಗಿರಲ್ಲ ಸುಮ್ನಿರೇ," ಎಂದ, ಹಾರ್ನ್ ಮೇಲಿಂದ ಕೈ ತೆಗೆಯದೆ. ರಸ್ತೆ ಬದಿಯಲ್ಲಿ ನಾಲ್ಕು ಜನ ಗುಂಪಾಗಿ ನಿಂತದ್ದು ಕಂಡಾಗಲೆಲ್ಲ ಕಾರು ನಿಧಾನ ಮಾಡಿಸುತ್ತಿದ್ದೆ. ಒಂದು ಕಡೆ ಇಳಿದೇಬಿಟ್ಟೆ. ಯಾರೋ ಎಳನೀರು ಮಾರುತ್ತಿದ್ದರು. ಸೇತುವೆ ದಾಟುವಾಗ ನಾನು ನೀರಿನ ಕಡೆ ನೋಡಲಿಲ್ಲ. ದೇವರಲ್ಲಿ ಬೇಡಿಕೊಂಡೆ ಎನ್ನಲೂ ನಾಚಿಕೆಯಾಗುತ್ತದೆ. ಅವರು ಉಳಿಯಲಿ ಎನ್ನುವುದರ ಜೊತೆಗೆ, ಯಾರಿಗೂ ತಿಳಿಯದೆ ಹೋಗಲಿ ಎಂದೂ ಬೇಡಿಕೊಂಡಿದ್ದೆ.

ಗಿರಣಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ವೀರಪ್ಪನವರು ಕೂತಿದ್ದರು, ಕಾಲ ಬಳಿ ಹಿಟ್ಟಿನ ಡಬ್ಬಿ. ನನ್ನನ್ನು ಕಂಡು ಹುಬ್ಬೇರಿಸಿದರು.

"ಏನಮ್ಮಾ, ನೀನೂ ಜೋಳ ಬೀಸ್ಸೋಕೆ ಬಂದ್ಯಾ?"

"ಸಾರ್, ಸ್ಕೂಟರ್ ಇಲ್ಲೇ ಇರಲಿ. ಕಾರಲ್ಲಿ ಕೂತ್ಕೊಳಿ, ಆಸ್ಪತ್ರೆಗೆ ಹೋಗ್ಬೇಕು."

"ನಂಗೇನಾಗಿದೆ? ನಿನ್ನ ಮೀಟರ್ ಸುಮ್ನಿದೆಯಲ್ಲ. ನಲವತ್ತು ವರ್ಷ ಕುಲುಮೆ ಮೀಟರ್ ನೋಡ್ದೋನು ನಾನು. ಹೋದ ವಾರ ತಲೆ ಸುತ್ತಿದಾಗ ಡಾಕ್ಟ್ರ ಹತ್ರ ಹೋಗೋಣ ಅಂದ್ಲು ಸುಭದ್ರ. ಏನಾದ್ರೂ ಇದ್ರೆ ಆ ಹುಡುಗಿ ಫೋನ್ ಮಾಡ್ತಾಳೆ, ಸುಮ್ನಿರು ಅಂದೆ. ನೀನು ಮಾಡ..."

ಮಾತು ಅಲ್ಲಿಗೇ ನಿಂತಿತು. ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಡಬ್ಬಿ ಉರುಳಿ ಹಿಟ್ಟು ಚೆಲ್ಲಿತು. ನಾನು ಅವರ ಮಣಿಕಟ್ಟು ಹಿಡಿದೆ, ಏನೂ ಇಲ್ಲ. ಎರಡು, ಮೂರು, ನಾಲ್ಕು, ಐದು ಎಂದು ಎಣಿಸಿದೆ. ಏಳಕ್ಕೆ ಬೆರಳಿನ ಕೆಳಗೆ ನಾಡಿ ಮಿಡಿಯಿತು.

"ಏನಂದೆ?" ಎಂದರು ವೀರಪ್ಪನವರು. ಮುಖ ಬೂದಿಯಾಗಿತ್ತು.

ಶಿವಮೊಗ್ಗದವರೆಗೂ ನಾನು ಆ ಮಣಿಕಟ್ಟು ಬಿಡಲಿಲ್ಲ. ದಾರಿಯಲ್ಲಿ ಇನ್ನೂ ಎರಡು ಸಲ ಅವರ ತಲೆ ನನ್ನ ಹೆಗಲಿಗೆ ವಾಲಿತು. ಆಸ್ಪತ್ರೆಯಲ್ಲಿ ಅವರನ್ನು ಓಡಿಸಿಕೊಂಡೇ ಒಳಗೊಯ್ದರು, ಕುತ್ತಿಗೆಯ ರಕ್ತನಾಳದಿಂದ ಹೃದಯಕ್ಕೆ ಬಡಿತ ಕೊಡುವ ತಂತಿ ಇಳಿಸಿದರು. ಇನ್ನು ಅರ್ಧ ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ನಮ್ಮ ಫೋನ್ ಹೋಗಿ ಆಟೋದಲ್ಲಿ ಹಿಂದೆಯೇ ಬಂದಿದ್ದ ಸುಭದ್ರಮ್ಮ ಎಲ್ಲರೆದುರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಹೇಡಿ.

ಮಧ್ಯಾಹ್ನ ಮೂರಕ್ಕೆ ಒಳಗೆ ಬಿಟ್ಟರು. ವೀರಪ್ಪನವರ ಬಣ್ಣ ಮರಳಿತ್ತು.

"ನೀನಿಲ್ದೇ ಇದ್ದಿದ್ರೆ ಇವತ್ತು ನಾನಿರ್ತಿರ್ಲಿಲ್ಲ ತಾಯಿ."

ಇದನ್ನು ಮಾತ್ರ ಸಹಿಸಲಾಗಲಿಲ್ಲ. "ಇಲ್ಲ ಸಾರ್. ಪಟ್ಟಿ ಮೊದಲೇ ಹೇಳ್ತಾ ಇತ್ತು. ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಕರಡಿಗೆ ಬಡಿದದ್ದು ಅಂದ್ಕೊಂಡು, ಕರಡಿಗೆ ಹಾಕೋ ಒಂಬತ್ತೂ ಜನರದ್ದು ಮುಚ್ಚಿಸಿಬಿಟ್ಟೆ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕಾಗಿತ್ತು ನನಗೆ.

"ಕುಲುಮೇಲಿ ಒಂದು ಮೀಟರ್ ಸುಳ್ಳು ಹೇಳ್ತು ಅಂದ್ರೆ ನಾವು ಮೊದ್ಲು ಉಳಿದ ಮೀಟರ್ ಹತ್ರ ಓಡ್ತಿದ್ವಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಉಳಿದ ಎಂಟು ಜನಕ್ಕೆ ಫೋನ್ ಮಾಡಿದ್ಯಾ?"

ಮಾಡಿರಲಿಲ್ಲ. ಹತ್ತೂವರೆಯಿಂದ ಆ ಹೊತ್ತಿನವರೆಗೆ ಅವರಲ್ಲಿ ಒಬ್ಬರ ನೆನಪೂ ನನಗೆ ಬಂದಿರಲಿಲ್ಲ.