ಆಮೆಯ ಎದೆಹಲಗೆ

ಆ ಬೆಳಿಗ್ಗೆ ಗಾಳಿ ನಿಂತಿತ್ತು. ವಾರವಿಡೀ ಕವಿದಿದ್ದ ಮೋಡ ಯಾವಾಗಲೋ ಸರಿದುಹೋಗಿ, ಎಳೆಯ ಒಣಬಿಸಿಲು ಬೀದಿಯ ಒಂದೇ ಮಗ್ಗುಲಿಗೆ ಬಿದ್ದಿತ್ತು. ತಂತಿಯ ಮೇಲೆ ಹರವಿದ ಬಟ್ಟೆಗಳು ಅಲುಗುತ್ತಿರಲಿಲ್ಲ. ಮರಕ್ಕೆ ಪಾಲಿಶ್ ಕೊಡುವವರು ಇಂಥ ದಿನಕ್ಕೇ ಕಾದಿರುತ್ತಾರೆ. ಗಾಳಿಯಿದ್ದರೆ ಹಸಿ ಪಾಲಿಶಿನ ಮೇಲೆ ಧೂಳು ಬಂದು ಕೂರುತ್ತದೆ, ತೇವವಿದ್ದರೆ ಪಾಲಿಶ್ ಬಿಳಿಚಿಕೊಳ್ಳುತ್ತದೆ. ದೇವರು ಒಂದೊಂದು ಕೆಲಸಕ್ಕೂ ಒಂದೊಂದು ಬಗೆಯ ದಿನ ಇಟ್ಟಿದ್ದಾನೆ. ಅನುಮಾನಕ್ಕೆ ಮಾತ್ರ ಯಾವ ದಿನವಾದರೂ ಆದೀತು.

ಔಷಧಿ ಅಂಗಡಿಯಾಕೆ ತನ್ನ ಅಂಗಡಿಯ ಬಾಗಿಲು ತೆಗೆಯುವ ಮೊದಲು ಪಾಲಿಶ್ ಮಾಡುವವನ ವರ್ಕ್‌ಶಾಪಿನ ಕಡೆ ಕಾಲು ಹಾಕಿದಳು. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ಅವಳ ಗಂಡನ ಹಳೆಯ ಮನೆವ್ಯಾನು ಅಲ್ಲಿತ್ತು. ಒಳಗೆ ಮಡಚುವ ಮಂಚ, ಪುಟ್ಟ ಒಲೆ, ಕೈತೊಳೆಯಲು ಒಂದು ಬೋಗುಣಿ. ಮನೆಯನ್ನು ಬೆನ್ನಮೇಲೆ ಹೊತ್ತುಕೊಂಡು ನಿಧಾನವಾಗಿ ಹೋಗುತ್ತದೆಂದು ಗಂಡ ಅದಕ್ಕೆ ಆಮೆ ಎಂದು ಹೆಸರಿಟ್ಟಿದ್ದ. ಬೇರೆಯವರು ಡ್ಯಾಶ್‌ಬೋರ್ಡ್ ಎನ್ನುವುದನ್ನು ಅವನು ಆಮೆಯ ಎದೆಹಲಗೆ ಎನ್ನುತ್ತಿದ್ದ. ಕಂಪನಿ ಕೊಟ್ಟ ತಗಡನ್ನು ಕಿತ್ತುಹಾಕಿ, ತನ್ನ ತಾಯಿಯ ಪೆಟ್ಟಿಗೆಯ ಕಪ್ಪು ಮರದಿಂದ ಅದನ್ನು ತಾನೇ ಕೊಯ್ದು ಕೂರಿಸಿದ್ದ. ಸ್ಟೀರಿಂಗ್ ಚಕ್ರದ ಹಿಂದೆ ಮೀಟರುಗಳಿಗೆ ತೂತು ಕೊರೆದ ಹಲಗೆ, ಅದರ ಪಕ್ಕದಲ್ಲಿ ಸಾಮಾನು ಇಡುವ ಗೂಡು, ಗೂಡಿಗೆ ಒಂದು ಮುಚ್ಚಳ.

ಆ ಮುಚ್ಚಳವೇ ಅವಳಿಗೆ ಮುಖ್ಯ. ಗಾಡಿ ಹೊರಡಿಸುವ ಮುನ್ನ ಗಂಡ ಪ್ರತಿಸಲವೂ ಹಸುವಿನ ಬೆನ್ನು ತಟ್ಟುವ ಹಾಗೆ ಆ ಮುಚ್ಚಳವನ್ನು ತಟ್ಟಿ, "ನಡಿಯೇ ತಾಯಿ" ಎನ್ನುತ್ತಿದ್ದ. ವರ್ಷಗಟ್ಟಲೆ ತಟ್ಟಿ ತಟ್ಟಿ ಮರ ಅಲ್ಲಿ ಸವೆದು, ಅಂಗೈಯಷ್ಟಗಲದ ತೆಳು ಗುಳಿ ಬಿದ್ದಿತ್ತು. ಉಂಗುರ ತಾಗಿದ ಕಡೆ ಕೂದಲೆಳೆಯಂಥ ಗೀರುಗಳಿದ್ದವು. ಅವನು ತೀರಿಹೋದ ಮೇಲೆ ಅವಳು ಡ್ರೈವಿಂಗ್ ಕಲಿತಳು. ಆಮೆಯನ್ನು ತಾನೇ ಓಡಿಸಿಕೊಂಡು, ಅವನು ತೋರಿಸುತ್ತೇನೆಂದು ಹೇಳಿ ತೋರಿಸದೇ ಹೋದ ಸಮುದ್ರದ ತನಕ ಹೋಗಿಬರಬೇಕೆಂದಿದ್ದಳು. ಹೊರಡುವಾಗ ಆ ಗುಳಿಯಲ್ಲಿ ಕೈಯಿಟ್ಟರೆ ಸಾಕು, ಜೊತೆಗೊಬ್ಬರು ಇದ್ದಂತೆ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇಂಥದನ್ನೆಲ್ಲ ಯಾರು ಬಾಯಿಬಿಟ್ಟು ಹೇಳುತ್ತಾರೆ? ಎದೆಹಲಗೆ ಬಿರುಕುಬಿಟ್ಟು, ಬಣ್ಣ ಹಪ್ಪಳದಂತೆ ಎದ್ದಿತ್ತು. ಪಾಲಿಶ್ ಮಾಡುವವನಿಗೆ ಅವಳು ಹೇಳಿದ್ದು ಒಂದೇ ಮಾತು: ಎಲ್ಲ ಹೊಸದರ ಹಾಗೆ ಆಗಬೇಕು.

ಪಾಲಿಶ್ ಮಾಡುವವನನ್ನು ಬೀದಿಯವರು ಕನ್ನಡಿ ಮೇಸ್ತ್ರಿ ಎನ್ನುತ್ತಿದ್ದರು. ಅವನು ಮುಗಿಸಿ ಕೊಟ್ಟ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು ಎಂಬುದು ತಮಾಷೆ. ಮಾತು ಮಾತ್ರ ಅವನಿಂದ ಇಕ್ಕಳ ಹಾಕಿ ಎಳೆಯಬೇಕಿತ್ತು. ಇಬ್ಬರ ಪಾಲಿನ ಮಾತನ್ನೂ ಅವನ ಹೆಂಡತಿಯೇ ಆಡುತ್ತಿದ್ದಳು. ಆಕೆ ವರ್ಕ್‌ಶಾಪಿನ ಬಾಗಿಲಲ್ಲಿ ಮಿಷನ್ ಇಟ್ಟುಕೊಂಡು ಗಾಡಿಗಳ ಸೀಟಿಗೆ ಕವರು ಹೊಲಿಯುತ್ತಿದ್ದಳು.

ಆ ಬೆಳಿಗ್ಗೆ ಬಾಗಿಲಲ್ಲಿ ಔಷಧಿಯಾಕೆಯ ಮೈದುನನ ಸ್ಕೂಟರ್ ನಿಂತಿತ್ತು. ಅವಳ ಹೆಜ್ಜೆ ತಡೆಯಿತು. ಹಿಂದಿನ ದಿನವಷ್ಟೇ ಅವನು, ನಾಳೆ ಪಕ್ಕದೂರಿಗೆ ಹೋಗಿ ಆಮೆಗೆ ಟೈರು ನೋಡಿಕೊಂಡು ಬರುತ್ತೇನೆ ಅತ್ತಿಗೆ, ಎಂದಿದ್ದ. ಅವನದು ಹಳೇ ಸಾಮಾನಿನ ವ್ಯಾಪಾರ. ಕೂತ ಕುರ್ಚಿಯನ್ನು ಕೂತವನಿಗೇ ಮಾರಿಬರುತ್ತಾನೆ ಎಂದು ಅಣ್ಣನೇ ಅವನನ್ನು ಆಡಿಕೊಳ್ಳುತ್ತಿದ್ದ. ಅಂಥ ಕಪ್ಪು ಮರ ಈಗ ಹುಡುಕಿದರೂ ಸಿಗುವುದಿಲ್ಲ ಎಂದು ಆ ಮೈದುನನೇ ಅವಳೆದುರು ಎಷ್ಟೋ ಸಲ ಹೇಳಿದ್ದುಂಟು.

ಒಳಗೆ ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. "ಅವಳಿಗೆ ಗೊತ್ತಾಗೋದು ಬೇಡ, ಅಷ್ಟೇ" ಎಂದ ಮೈದುನ. ಮೇಸ್ತ್ರಿ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಿದ್ದ. ಅವಳ ನೆರಳು ನೆಲಕ್ಕೆ ಬಿದ್ದದ್ದೇ ಮೈದುನ ತಿರುಗಿ, ಅರೇ ಅತ್ತಿಗೆ, ಟೈರಿನವನು ಅಂಗಡಿ ಮುಚ್ಚಿದ್ದನಲ್ಲ, ಹಾಗೇ ಇಲ್ಲಿ ಬಂದೆ, ಎಂದು ನಕ್ಕ. ನಗು ಮುಖದ ಅರ್ಧಕ್ಕೇ ನಿಂತಿತು.

ಅವಳು ಆಮೆಯೊಳಗೆ ಇಣುಕಿದಳು. ಮೀಟರುಗಳಿದ್ದ ಜಾಗದಲ್ಲಿ ತಂತಿಗಳು ಜೋತುಬಿದ್ದಿದ್ದವು. ಗೂಡು ಬಾಯಿ ತೆರೆದುಕೊಂಡಿತ್ತು. ಮುಚ್ಚಳ ಎಲ್ಲಿ ಎಂದು ಕೇಳಿದಳು. ಒಳಕೋಣೆಯಲ್ಲಿ ಒಣಗ್ತಿದೆ ಎಂದ ಮೇಸ್ತ್ರಿ. ನೋಡುತ್ತೇನೆ ಎಂದಳು. ಈಗ ಆಗಲ್ಲಮ್ಮ, ಎಂದ. ಧೂಳು ಏಳದಿರಲೆಂದು ಒಳಕೋಣೆಯ ನೆಲ ಒರೆಸಿ ಒಣಗಿಸಿ ಬಾಗಿಲು ಹಾಕಿದ್ದ. ಕಡೆಯ ಕೈ ಕೊಡುವ ಹೊತ್ತಿಗೆ ತನ್ನ ಹೆಂಡತಿಯನ್ನೂ ಅವನು ಒಳಗೆ ಬಿಡುವುದಿಲ್ಲ ಎಂಬುದು ಆಮೇಲೆ ಅವಳಿಗೆ ತಿಳಿಯಿತು. ಆಗ ತಿಳಿದದ್ದು ಬಾಗಿಲು ಹಾಕಿದೆ ಎಂಬುದಷ್ಟೇ.

ಗೋಡೆಗೊರಗಿ ಯಾರದೋ ಬೀರು ನಿಂತಿತ್ತು. ಅದರ ಬಾಗಿಲಿನ ನಡುವೆ ಹೊಸದಾಗಿ ಕೂರಿಸಿದ ಕಪ್ಪು ಮರದ ಚೌಕ. ಅದೇ ಬಣ್ಣ, ಹೆಚ್ಚುಕಮ್ಮಿ ಅದೇ ಅಳತೆ. ಮೈದುನನ ಕೈ ಆ ಬೀರುವಿನ ಮೇಲೇ ಇತ್ತು. ಅವಳು ಕಣ್ಣಲ್ಲೇ ಆ ಚೌಕವನ್ನು ಖಾಲಿ ಗೂಡಿನ ಬಾಯಿಗೆ ಅಳೆದಳು.

ಜಗಳಕ್ಕೆ ನಿಲ್ಲುವ ಹೆಂಗಸಲ್ಲ ಅವಳು. ಕೆಲಸದ ಮೇಜಿನ ಅಂಚಿನಲ್ಲಿ ಮೇಸ್ತ್ರಿಯ ಹೆರೆತಗಡು ಇತ್ತು. ಹಳೆಯ ಗರಗಸದ ಅಲಗನ್ನು ಕತ್ತರಿಸಿ ಮಾಡಿಕೊಂಡದ್ದು, ಹಳೇ ಬಣ್ಣ ಹೆರೆದು ತೆಗೆಯುವುದಕ್ಕೆ. ಹಿಡಿಯುವ ಕಡೆ ಸುತ್ತಿದ್ದ ನೀಲಿ ಬಟ್ಟೆ ಅವನ ಬೆರಳಿನ ಆಕಾರಕ್ಕೆ ಗಟ್ಟಿಯಾಗಿತ್ತು. ಇಬ್ಬರೂ ಅತ್ತ ತಿರುಗಿದಾಗ ಅದನ್ನೆತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ನನ್ನದು ನಿಮ್ಮ ಹತ್ತಿರ ಇದೆ, ನಿಮ್ಮದು ನನ್ನ ಹತ್ತಿರ ಇರಲಿ. ಅವಳ ಮನಸ್ಸು ಅಷ್ಟೇ ಹೇಳಿದ್ದು. ಕಳ್ಳತನ ಎಂಬ ಮಾತು ಅವಳ ಹತ್ತಿರವೂ ಸುಳಿಯಲಿಲ್ಲ. ಒತ್ತೆ ಇಟ್ಟುಕೊಂಡವರಿಗೆ ತಾವು ಕದ್ದಿದ್ದೇವೆ ಅನ್ನಿಸುವುದಿಲ್ಲವಲ್ಲ.

ಆಮೇಲಿನ ದಿನಗಳಲ್ಲಿ ಅಂಗಡಿಯಲ್ಲಿ ಅವಳ ಕೈ ಕೆಲಸ ಮಾಡುತ್ತಿತ್ತು, ತಲೆ ವರ್ಕ್‌ಶಾಪಿನಲ್ಲಿರುತ್ತಿತ್ತು. ಮಾತ್ರೆಯ ಹಾಳೆಯನ್ನು ತಿರುವಿ ಹಿಂಬದಿಯ ತಾರೀಖು ನೋಡದೆ ಅವಳು ಯಾರಿಗೂ ಕೊಟ್ಟವಳಲ್ಲ. ಹೊಸ ಡಬ್ಬಿಯಲ್ಲಿ ಹಳೆಯ ಸರಕು ಬರುವುದನ್ನು ಕಂಡು ಕಂಡು, ಎದುರಿಗೆ ಹೊಳೆಯುವುದನ್ನು ನಂಬಬಾರದೆಂಬುದು ರಕ್ತಕ್ಕೇ ಇಳಿದಿತ್ತು. ಮೈದುನ ಬಂದರೆ ಅವನ ಕೈಚೀಲ ನೋಡುವಳು. ಹೊಸ ಚಪ್ಪಲಿ ಹಾಕಿಕೊಂಡು ಬಂದರೆ, ದುಡ್ಡು ಎಲ್ಲಿಂದ ಬಂತು ಎಂದುಕೊಳ್ಳುವಳು. ಬೆಲ್ಲದಂಥ ಮಾತಾಡಿದರೆ ಬೆಲ್ಲ ಯಾಕೆ ಎಂದುಕೊಳ್ಳುವಳು. ಸಂಜೆ ದೇವರ ಮುಂದೆ ಕೂತು ಕಣ್ಣು ಮುಚ್ಚಿದರೂ ಒಳಗೆ ಕಾಣುತ್ತಿದ್ದದ್ದು ಬೀರುವಿನ ಬಾಗಿಲೇ. ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ಏಳುವಳು.

ಒಂದು ದಿನ ಮೇಸ್ತ್ರಿಯ ಹೆಂಡತಿ ಅಂಗಡಿಗೆ ಬಂದು, ಗಾಯಕ್ಕೆ ಸುತ್ತುವ ಪಟ್ಟಿ ಕೇಳಿದಳು. ಯಾರಿಗೆ ಎಂದರೆ, ಇನ್ಯಾರಿಗೆ ಅಕ್ಕಾ, ನಮ್ಮನೆ ಮೌನಸ್ವಾಮಿಗಳಿಗೆ, ಎಂದಳು. ಹೆರೆತಗಡು ಕಾಣೆಯಾಗಿದೆಯಂತೆ. ವರ್ಕ್‌ಶಾಪನ್ನೆಲ್ಲ ತಲೆಕೆಳಗು ಮಾಡಿ ಹುಡುಕಿದ್ದಾಯಿತಂತೆ. ಹೊಸದನ್ನು ತಂದುಕೊಟ್ಟರೆ ಕೈಗೆ ಕೂರುವುದಿಲ್ಲವೆಂದು ಒಡೆದ ಗಾಜಿನ ಚೂರಿನಲ್ಲಿ ಹೆರೆಯಲು ಹೋಗಿ ಬೆರಳು ಕೊಯ್ದುಕೊಂಡಿದ್ದಾನಂತೆ.

"ನಾನು ಕಾಣೆಯಾಗಿದ್ರೆ ಇಷ್ಟು ಹುಡುಕ್ತಿರಲಿಲ್ಲ ಬಿಡಿ" ಎಂದು ನಕ್ಕಳು. ಆಮೇಲೆ ದನಿ ಇಳಿಸಿ, "ನನ್ನ ಮೇಲೇ ಅನುಮಾನ ಅವರಿಗೆ. ಗುಜರಿಯವನಿಗೆ ಕೊಟ್ಟಿದ್ದೀಯಾ ಅಂತ ಕೇಳಿದ್ರು. ಇಷ್ಟು ವರ್ಷ ಜೊತೆಗಿದ್ದು" ಎಂದಳು.

ಔಷಧಿಯಾಕೆ ಪಟ್ಟಿಯ ಪೊಟ್ಟಣವನ್ನು ತಿರುವಿ ತಾರೀಖು ನೋಡಿದಳು. ಹೆರೆತಗಡು ಗಲ್ಲಾದ ಕೆಳಗೆ, ಅವಳ ಮೊಣಕಾಲಿಗೆ ತಾಗುವಂತೆ, ಚೀಲದಲ್ಲೇ ಇತ್ತು. ಈಗಲೇ ತೆಗೆದುಕೊಟ್ಟುಬಿಡಲೇ ಎನ್ನಿಸಿತು. ಕೊಟ್ಟರೆ ಕೈಯಲ್ಲಿರುವ ಒಂದೇ ಹಿಡಿ ತಪ್ಪಿಹೋಗುತ್ತದೆ. ಪಟ್ಟಿಗೆ ದುಡ್ಡು ಬೇಡವೆಂದಳು. ಆ ಹೆಂಗಸು ಇವಳ ಮುಖವನ್ನೇ ಒಂದು ಗಳಿಗೆ ನೋಡಿ, ನೀವು ಒಳ್ಳೆಯವರು ಅಕ್ಕಾ, ಎಂದು ಹೊರಟುಹೋದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಆಮೆ ಮನೆ ಮುಂದೆ ಬಂದು ನಿಂತದ್ದು ಒಂದು ಮಧ್ಯಾಹ್ನ. ಓಡಿಸಿಕೊಂಡು ಬಂದವನು ಮೈದುನ, ಪಕ್ಕದಲ್ಲಿ ಬೆರಳಿಗೆ ಪಟ್ಟಿ ಸುತ್ತಿಕೊಂಡ ಮೇಸ್ತ್ರಿ. ಅವಳು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತಳು. ಹೊಸ ಕವರು ಕರ್ರೆಂದಿತು. ಎದೆಹಲಗೆ ಕೊಳದ ನೀರಿನಂತೆ ಹೊಳೆಯುತ್ತಿತ್ತು. ಬಿರುಕುಗಳು ಎಲ್ಲಿದ್ದವೆಂದು ಗೊತ್ತಾಗುತ್ತಿರಲಿಲ್ಲ. ಮೀಟರುಗಳ ಹಿತ್ತಾಳೆ ಅಂಚು ಬೆಳಗಿ ಕೂರಿಸಿದ್ದ. ಸ್ವಿಚ್ಚುಗಳ ಗುಂಡಿ ಮಾತ್ರ ಹಳೆಯವೇ, ತೊಳೆದ ಹಲ್ಲಿನ ಹಾಗೆ. ಗೂಡಿನ ಮುಚ್ಚಳ ಹಾಕಿತ್ತು. ಅದರ ಅಂಚಿಗೆ ಕಾಗದದ ಟೇಪು ಅಂಟಿಸಿದ್ದ.

ಅವಳು ಕೈ ನೀಡಿ ಮುಚ್ಚಳ ಮುಟ್ಟಿದಳು. ಅಂಗೈ ಸಪಾಟಾಗಿ ಜಾರಿತು. ಗುಳಿಯಿಲ್ಲ, ಗೀರಿಲ್ಲ. ಅತ್ತ ಸರಿಸಿದಳು, ಇತ್ತ ಸರಿಸಿದಳು. ಎಲ್ಲಿಯೂ ಇಲ್ಲ. ಮರದ ಎಳೆಗಳೂ ತಾನು ಕಂಡವಲ್ಲ. ಗುರುತಿಲ್ಲದವರ ಕೈಗೆ ಕೈ ಕೊಟ್ಟಂತಾಯಿತು. ಟೇಪಿನ ಕಡೆ ಬೆರಳು ಹೋಯಿತು.

"ಈಗ ತೆಗೀಬೇಡಿ ಅಮ್ಮ. ಅಂಚು ಇನ್ನೂ ಹಸಿ ಇದೆ, ಪಾಲಿಶ್ ಕಿತ್ತುಬರುತ್ತೆ. ನಾಳೆ ತೆಗೀರಿ" ಎಂದ ಮೇಸ್ತ್ರಿ.

ನಾಳೆ. ನಾಳೆ ಎನ್ನುವವರ ಸರಕನ್ನು ಅವಳು ಯಾವತ್ತೂ ಕೊಂಡವಳಲ್ಲ.

"ಮೇಸ್ತ್ರಿ, ನಮ್ಮನೆಯವರ ಹಲಗೆ ಎಲ್ಲಿ?" ಎಂದು ಕೇಳಿದಳು. ದನಿ ಏರಿರಲಿಲ್ಲ.

ಇದೇ ಅಲ್ವಾ ಅತ್ತಿಗೆ, ಎಂದು ಮೈದುನ ಬಾಯಿ ಹಾಕಿದ.

"ನೀನು ಸುಮ್ನಿರು. ಅವತ್ತು ಬೀರು ಸವರ್ತಾ ನಿಂತಿದ್ದೆಯಲ್ಲ, ನಾನು ನೋಡಿಲ್ವಾ? ನನಗೆ ಗೊತ್ತಾಗೋದು ಬೇಡ ಅಂದೆಯಲ್ಲ, ಕೇಳಿಸಿಕೊಂಡಿಲ್ವಾ? ನಿಮ್ಮಮ್ಮನ ಪೆಟ್ಟಿಗೆ ಮರ ಕಣೋ ಅದು. ಎಷ್ಟಕ್ಕೆ ಕೊಟ್ಟೆ?"

ಮೈದುನನ ಮುಖದ ಬಣ್ಣ ಇಳಿದುಹೋಯಿತು. ವ್ಯಾಪಾರದಲ್ಲಿ ಯಾರು ಏನಂದರೂ ನಗುತ್ತಲೇ ಇರುವವನು ಅವನು. ಈಗ ಬಾಗಿಲ ಹಿಡಿಯನ್ನು ಹಿಡಿದುಕೊಂಡು ನೆಲ ನೋಡಿದ.

"ಮಾರಿಲ್ಲ ಅತ್ತಿಗೆ, ಬೀರುವಿನದು ಬೇರೆ ಮರ. ಅಳಿಸಿಬಿಡಿ ಅಂತ ಹೇಳಿದೆ. ಹೆರೆದು ಸಪಾಟು ಮಾಡಿ ಅಂತ. ಅಣ್ಣನ ಕೈ ಇತ್ತಲ್ಲ ಅದರಲ್ಲಿ. ನೀವು ಅಲ್ಲಿ ಕೂತು ಅದನ್ನೇ ನೋಡ್ಕೊಂಡು ಅಳ್ತಾ ಗಾಡಿ ಓಡಿಸಿದ್ರೆ... ಎಲ್ಲಿಗೆ ಹೋಗಿ ಗುದ್ದುತ್ತೀರೋ ಅಂತ ನನಗೆ ಭಯ."

ಅವಳು ಕೈ ಹಿಂದಕ್ಕೆಳೆದುಕೊಂಡಳು. ಮಾರಿದ್ದರೆ ಮರಳಿ ಕೊಳ್ಳಬಹುದಿತ್ತು. ಹೆರೆದು ಹುಡಿಯಾಗಿ ಕಸದ ಬುಟ್ಟಿಗೆ ಹೋದದ್ದನ್ನು ಎಲ್ಲಿಂದ ತರುವುದು? ಅಳು ಕೂಡ ಬರಲಿಲ್ಲ. ಸಮುದ್ರ ಬೇಡ, ಗಾಡಿಯೂ ಬೇಡ ಅನ್ನಿಸಿ ಕೆಳಗಿಳಿಯಲು ಕಾಲು ಚಾಚಿದಳು.

ಮೇಸ್ತ್ರಿ ಆಚೆ ಕಡೆಯಿಂದ ಒಳಗೆ ಬಾಗಿದ. ಪಟ್ಟಿ ಸುತ್ತಿದ ಬೆರಳಿನಿಂದಲೇ ಟೇಪಿನ ತುದಿ ಎಬ್ಬಿಸಿ ಎಳೆದ. ಹಸಿ ಪಾಲಿಶ್ ಅದರ ಜೊತೆಗೇ ಚೂರು ಕಿತ್ತುಬಂತು. ತನ್ನ ಕೆಲಸವನ್ನು ತಾನೇ ಕೆಡಿಸುವಾಗ ಅವನು ಹಲ್ಲು ಕಚ್ಚಿದ್ದು ಕಾಣಿಸಿತು. ಮುಚ್ಚಳ ಕೆಳಗಿನ ಕೀಲಿನ ಮೇಲೆ ಹೊರಳಿ, ಪುಟ್ಟ ಮೇಜಿನಂತೆ ಅಡ್ಡ ಮಲಗಿತು. ಒಳಮೈ ಮೇಲಾಯಿತು.

ಒಳಮೈಗೆ ಪಾಲಿಶ್ ಇರಲಿಲ್ಲ. ಎಣ್ಣೆ ಒರೆಸಿದ್ದ, ಅಷ್ಟೇ. ನಡುವೆ ಆ ಗುಳಿ, ಇದ್ದ ಹಾಗೇ. ಪಕ್ಕದಲ್ಲಿ ಉಂಗುರದ ಗೀರುಗಳು.

"ನೀವು ಹೊಸದರ ಹಾಗೆ ಮಾಡು ಅಂದ್ರಿ. ಇವರು ಅಳಿಸು ಅಂದ್ರು" ಎಂದ ಮೇಸ್ತ್ರಿ. ಅಷ್ಟು ಉದ್ದದ ಮಾತನ್ನು ಅವನು ಆ ವರ್ಷ ಇನ್ನೆಲ್ಲೂ ಆಡಿರಲಾರ. "ತಗಡು ಕಳೆಯೋಕೆ ಮುಂಚೇನೇ ಹಿಡ್ಕೊಂಡು ಕೂತಿದ್ದೆ. ಕೈ ಬರಲಿಲ್ಲ. ಮುಂದಿನದನ್ನ ಹಿಂದೆ ಮಾಡಿ, ಕೀಲು ಬದಲಾಯಿಸಿದೆ. ತಪ್ಪೋ ಸರಿಯೋ, ಇವರಿಗೂ ಹೇಳಿರಲಿಲ್ಲ."

ಮೈದುನ ಬಾಗಿ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಮೂಗೊರೆಸಿಕೊಂಡು ಆಮೆಯ ಹಿಂದಕ್ಕೆ ಹೋಗಿ, ಸರಿಯಾಗಿಯೇ ಇದ್ದ ಟೈರನ್ನು ಕಾಲಲ್ಲಿ ಒದ್ದು ಒದ್ದು ಪರೀಕ್ಷಿಸತೊಡಗಿದ.

ಔಷಧಿಯಾಕೆ ಗುಳಿಯಲ್ಲಿ ಅಂಗೈ ಇಟ್ಟಳು. ಅವಳ ಕೈ ಚಿಕ್ಕದು, ಸುತ್ತಲೂ ಜಾಗ ಉಳಿಯಿತು. ಜಗತ್ತಿನಲ್ಲಿ ಎಲ್ಲವನ್ನೂ ತಿರುವಿ ನೋಡಿದವಳು ಇದೊಂದನ್ನು ತಿರುವಿ ನೋಡಿರಲಿಲ್ಲ. ಭಗವಂತ ಒಮ್ಮೊಮ್ಮೆ ನಮಗೆ ಕೊಡಬೇಕಾದ್ದನ್ನು ಒಳಮೈಯಲ್ಲಿಟ್ಟು ಕೊಡುತ್ತಾನೆ. ನಾವು ಹೊರಗಿನಿಂದ ತಟ್ಟಿ ನೋಡಿ, ಇಲ್ಲ ಎಂದು ಅವನ ಮೇಲೆಯೇ ದೂರು ಹೇಳುತ್ತೇವೆ.

ಮೇಸ್ತ್ರಿ ಕಿತ್ತುಹೋದ ಅಂಚನ್ನು ಹೆಬ್ಬೆರಳಿನಿಂದ ಸವರಿ, ನಾಳೆ ಬಂದು ಸರಿಮಾಡ್ತೀನಿ, ತಗಡು ಸಿಕ್ಕಿದ್ರೆ, ಎಂದು ಹೊರಟ.

"ತಡೀರಿ" ಎಂದಳು ಅವಳು.

ಮನೆಯೊಳಗೆ ಹೋಗಿ ಚೀಲ ತಂದಳು. ಹೆರೆತಗಡನ್ನು ಹೊರತೆಗೆದು, ನೀಲಿ ಬಟ್ಟೆ ಸುತ್ತಿದ ಕಡೆ ಅವನತ್ತ ಬರುವಂತೆ ತಿರುಗಿಸಿ, ಎರಡೂ ಕೈಯಿಂದ ಚಾಚಿದಳು. "ಮನೆಯಲ್ಲಿ ಆಯಮ್ಮನಿಗೆ ಹೇಳಿ, ಇದನ್ನ ಅವರು ಗುಜರಿಗೆ ಕೊಟ್ಟಿರಲಿಲ್ಲ ಅಂತ" ಎಂದಷ್ಟೇ ಅಂದಳು.

ಅವನು ಅವಳನ್ನೂ ತಗಡನ್ನೂ ನೋಡಿದ. ಅಂಚಿನ ಹರಿತವನ್ನು ಹೆಬ್ಬೆರಳಿನ ಮೇಲೆ ನೋಡಿಕೊಂಡು, ಅದನ್ನು ಅಂಗಿಯ ಜೇಬಿನಲ್ಲಿ ಅದು ಯಾವತ್ತೂ ಇರುತ್ತಿದ್ದ ಕಡೆಗೆ ಇಳಿಸಿದ.