ಮೂರನೆಯ ಕಾಲಂ

ಕೊಳವೆ ಬೆಚ್ಚಗಿದೆ, ಒಳಗೆ ಹರಿಯುತ್ತಿರುವುದು ಗಂಡನ ರಕ್ತ, ಅವಳ ಬೆರಳು ತಾನಾಗಿಯೇ ಅದರ ಮೇಲೆ ಹೋಗುತ್ತದೆ, ಮುಟ್ಟಬೇಡಿ ಅಕ್ಕಾ ಎಂದು ನರ್ಸ್ ಆಗಲೇ ಎರಡು ಸಲ ಹೇಳಿದ್ದಾಳೆ, ನಾಲ್ಕು ಗಂಟೆ ಹೀಗೇ, ಅವನು ಯಂತ್ರಕ್ಕೆ, ಇವಳು ಅವನಿಗೆ, ಎದ್ದು ಹೋಗಲು ಬಾಗಿಲೇನೋ ತೆರೆದೇ ಇದೆ. ಡಯಾಲಿಸಿಸ್ — ಆ ಪದವನ್ನು ಮನೆಗೆ ಮೊದಲು ತಂದವಳು ಅವಳೇ, ಎರಡು ವರ್ಷದ ಹಿಂದೆ, ಅವನಿಗೆ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ, ಹೊಲಿಗೆ ಯಂತ್ರದ ಮುಂದೆಯೇ ತೂಕಡಿಕೆ, ಗಂಡಸಿನ ಹಾರ್ಮೋನು ನೋಡಿಸಿ ಎಂದರು ಡಾಕ್ಟರು, ನೋಡುವವಳು ಮನೆಯಲ್ಲೇ ಇದ್ದಳಲ್ಲ, ಹದಿನಾರು ವರ್ಷ ಅನುಭವದ ಲ್ಯಾಬ್ ಟೆಕ್ನಿಷಿಯನ್, ದೊಡ್ಡ ಜಾಣೆ. ಪಾಠ ಒಪ್ಪಿಸಿದ್ದಳು — ಟೆಸ್ಟೋಸ್ಟಿರೋನು ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತೆ ರೀ, ಅಂಟದೆ ಬಿಡಿಯಾಗಿರೋದೇ ಮುಖ್ಯ, ಅದನ್ನ ಅಳೆಯೋಕೆ ಹೋದ್ರೆ ನಮ್ಮ ಲ್ಯಾಬಿನ ಟೆಸ್ಟ್ ಕಿಟ್ಟು ಬಾಯಿಗೆ ಬಂದದ್ದು ಹೇಳುತ್ತೆ, ಸರಿಯಾಗಿ ಅಳೀಬೇಕಂದ್ರೆ ಡಯಾಲಿಸಿಸ್ ಮಾಡಬೇಕು, ಹೊರಗಿನ ಲ್ಯಾಬಿಗೆ ಕಳಿಸಬೇಕು — ಅವನು ಬೆಚ್ಚಿಬಿದ್ದ, ಅದು ಕಿಡ್ನಿ ಕೆಟ್ಟೋರಿಗಲ್ವೇನೇ, ನನಗ್ಯಾಕೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಿಮಗಲ್ಲ ರೀ, ಟ್ಯೂಬಲ್ಲಿರೋ ರಕ್ತಕ್ಕೆ, ಆಯ್ತು ಬಿಡಿ, ಲೆಕ್ಕ ಹಾಕಿ ತೆಗೀತೀನಿ, ಹೆಚ್ಚುಕಡಿಮೆ ಅಷ್ಟೇ ಬರುತ್ತೆ. ಅಂದಾಜಿಗೆ ಕತ್ತರಿ ಹಾಕ್ತಾರೇನೇ ಅಂದಿದ್ದ, ದರ್ಜಿಯವನು, ಹಳೇ ಗಿರಾಕಿಯನ್ನೂ ಪ್ರತಿ ಸಲ ಟೇಪು ಹಿಡಿದೇ ಅಳೆಯುವವನು.

ಕಂಪ್ಯೂಟರಿನಲ್ಲಿ ಮೂರು ಕಾಲಂ, ಒಟ್ಟು ಹಾರ್ಮೋನು ತುಂಬಿದಳು, ಅದನ್ನು ಬಿಗಿಯಾಗಿ ಹಿಡಿಯುವ ಪ್ರೋಟೀನು ತುಂಬಿದಳು, ಮೂರನೆಯದು ಅಲ್ಬುಮಿನ್, ಅದನ್ನು ಸಡಿಲವಾಗಿ ಹಿಡಿಯುವ ಇನ್ನೊಂದು ಪ್ರೋಟೀನು, ಅಲ್ಲಿ ಆಗಲೇ ಬೂದು ಬಣ್ಣದಲ್ಲಿ ನಾಲ್ಕು ಪಾಯಿಂಟ್ ಮೂರು ಕೂತಿತ್ತು, ಆರೋಗ್ಯವಂತರ ಸರಾಸರಿ, ಎಲ್ಲರೂ ಅಳೆಯದೆ ಹಾಗೇ ಬಿಡುತ್ತಾರೆ, ಅವಳೂ ಬಿಟ್ಟಳು, ಉತ್ತರ ಕಡಿಮೆ ಬಂತು, ಸಹಿ ಹಾಕಿದಳು, ಹಾರ್ಮೋನಿನ ಇಂಜೆಕ್ಷನ್ ಶುರುವಾಯಿತು, ಕಾಲು ಊದಿದಾಗ ಇಂಜೆಕ್ಷನ್ನಿಂದ ಬಂದ ಬಾವು ಎಂದು ತಾನೇ ಸಮಾಧಾನ ಹೇಳಿದಳು, ಕಿಡ್ನಿ ಕೆಟ್ಟು ಅವನ ಅಲ್ಬುಮಿನ್ ಆಗಲೇ ಮೂತ್ರದಲ್ಲಿ ಸೋರುತ್ತಿತ್ತೋ ಏನೋ, ಉಳಿದ ರಕ್ತದಲ್ಲಿ ಒಂದು ಸಲ, ಹತ್ತು ನಿಮಿಷದ ಕೆಲಸ, ನೋಡಿದ್ದರೆ — ದೀಪದ ಬುಡದಲ್ಲೇ ಕತ್ತಲೆ. ಆ ರಕ್ತವನ್ನು ಎಂದೋ ಚೆಲ್ಲಿಯಾಯಿತು, ಉಳಿದದ್ದು ರಿಪೋರ್ಟು, ಅದರಲ್ಲಿ ಬೂದು ಅಂಕಿ ಕಪ್ಪಗೆ ಅಚ್ಚಾಗಿದೆ, ಅಳೆದದ್ದರ ಹಾಗೆಯೇ, ಆಗ ಅಲ್ಬುಮಿನ್ ಚೆನ್ನಾಗಿತ್ತು, ಕಾಯಿಲೆ ಈಚೆಗೆ ಬಂದದ್ದು ಎಂದು ಕಿಡ್ನಿ ಡಾಕ್ಟರು ಬರೆದುಕೊಂಡರು, ಪಕ್ಕದಲ್ಲೇ ನಿಂತಿದ್ದಳು, ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ. ಹೇಳಿದರೆ ಅವನು ಬೈಯುವುದಿಲ್ಲ, ಅದೇ ಅವಳಿಗೆ ಭಯ, ಸುಮ್ಮನೆ ನೋಡುತ್ತಾನೆ, ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಆ ನೋಟದ ಎದುರಿಗೆ ಇದೇ ಸ್ಟೂಲಿನ ಮೇಲೆ. ಪಕ್ಕದ ಹಾಸಿಗೆಯ ಮೇಷ್ಟರಿಗೆ ಹೇಳುತ್ತಿದ್ದಾನೆ, ಲ್ಯಾಬಿನೋಳು ಮನೇಲಿರೋದು ನನ್ನ ಪುಣ್ಯ ಸಾರ್, ಆಗಲೇ ಎಲ್ಲಾ ನೋಡಿದ್ಲು, ಆವತ್ತು ಎಲ್ಲಾ ಚೆನ್ನಾಗೇ ಇತ್ತು, ಈಗ ಇವಳ ಕಡೆ ತಿರುಗಿ, ಅಲ್ಬುಮಿನ್ ಎಷ್ಟಿತ್ತೇ ಆವಾಗ, ಮೇಷ್ಟ್ರಿಗೆ ಹೇಳು — ಅಳೆದಿರಲಿಲ್ಲ ರೀ, ಎರಡೇ ಮಾತು, ಹೇಳಿದರೆ ಮುಗಿಯಿತು, ನೀನೇ ನೋಡಿದ್ದಲ್ವೇನೇ ಅನ್ನುತ್ತಾನೆ ಅವನು, ನೋಡಿದ್ದು ಹೌದು, ಕಣ್ಣಾರೆ ನೋಡಿದ್ದು, ಮೂರನೆಯ ಕಾಲಂ, ಬೂದು ಬಣ್ಣ — ನಾಲ್ಕು ಪಾಯಿಂಟ್ ಮೂರು, ಅಂದಳು, ನೋಡಿದ್ರಾ ಸಾರ್ ಅಂದ ಅವನು, ಮೂರನೆಯ ಕಾಲಂ, ಬೂದು ಬಣ್ಣ, ನಾಲ್ಕು ಪಾಯಿಂಟ್ ಮೂರು, ನಾಲ್ಕು ಪಾಯಿಂಟ್ ಮೂರು