ಮಿಸ್ತ್ರಿಯ ಗಂಡ

ಅಕ್ಕಿಆಲೂರಿನ ಗಿರಣಿಯಲ್ಲಿ ಹದಿನಾಲ್ಕು ವರ್ಷ ಚೀಲ ಹೊತ್ತ ಶಂಭುಲಿಂಗನಿಗೆ ಊರು ಬಿಡುವ ಮಾತನ್ನು ಮೊದಲು ಆಡಿದವಳು ಅವನ ಹೆಂಡತಿ ನೀಲಾ. ಅದನ್ನೂ ಬಹಳ ಮೆತ್ತಗೆ, ಅವನ ತಾಟಿಗೆ ಎರಡನೆಯ ರೊಟ್ಟಿ ಹಾಕುತ್ತ ಆಡಿದಳು. ಶಿಗ್ಗಾಂವದ ಹಜರತಅಲಿ ಚಾಚಾ ತನ್ನ ಅಂಗಡಿ ನಡೆಸಲು ಬಾ ಎಂದು ಕರೆದಿದ್ದಾನೆ ಎಂದಳು.

ಹಜರತಅಲಿಯದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಎಣಿಸಿ ಸುತ್ತುವ ಕಸುಬು. ನೀಲಾಳ ತಂದೆಯೂ ಅವನೂ ಒಬ್ಬ ಉಸ್ತಾದನ ಕೈಕೆಳಗೆ ಕಲಿತವರು. ಹಾನಗಲ್ಲಿನಲ್ಲಿ ತಂದೆ ಇಟ್ಟಿದ್ದ ಅಂಗಡಿಯಲ್ಲಿ ನೀಲಾ ಹತ್ತನೇ ವಯಸ್ಸಿಗೇ ತಂತಿ ಹಿಡಿದಳು. ತಂದೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಮದುವೆಯಾಗಿ ಬಂದ ಓಣಿಯಲ್ಲಿ ಎಲ್ಲರ ಮಿಕ್ಸರು, ಫ್ಯಾನು ರಿಪೇರಿ ಮಾಡಿಕೊಟ್ಟಳು. ಹನ್ನೆರಡು ವರ್ಷವಾದರೂ ಅದನ್ನು ಯಾರೂ ಕಸುಬು ಅನ್ನಲಿಲ್ಲ. ‘ಅಕಿ ಕೈ ಚಲೋ ಐತಿ’ ಅನ್ನುತ್ತಿದ್ದರು, ಅಷ್ಟೇ.

ಈಗ ಚಾಚಾನ ಕಣ್ಣು ಸೋತಿದ್ದವು. ಶಿಗ್ಗಾಂವದಲ್ಲಿ ಕಾಲೇಜು ಹೆಚ್ಚಾದಂತೆ ಹಾಸ್ಟೆಲು, ಬಾಡಿಗೆ ರೂಮುಗಳೂ ಹೆಚ್ಚಿದ್ದವು. ಒಂದೊಂದಕ್ಕೂ ಪಂಪು, ಪಂಪು ಸುಟ್ಟರೆ ರಿಪೇರಿ ಮಾಡುವ ಕೈ ಮಾತ್ರ ಇರಲಿಲ್ಲ.

ಶಂಭುಲಿಂಗ ಬೇಡ ಎನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಒಂದು ತಿಂಗಳು ಹೋಗಿ ಬಂದು ಮಾಡಿ ನೋಡು ಎಂದ. ನೀಲಾ ನಸುಕಿನಲ್ಲಿ ಬಸ್ಸು ಹಿಡಿದು, ಹಾನಗಲ್ಲಿನಲ್ಲಿ ಇಳಿದು, ಮತ್ತೊಂದು ಬಸ್ಸು ಹತ್ತುತ್ತಿದ್ದಳು. ಮೂರನೇ ವಾರ ಮಗಳು ಅಂಕಿತಾಗೆ ಜ್ವರ ಬಂತು. ಮಗು ದಿನವಿಡೀ ಅವ್ವ ಎಲ್ಲಿ ಎಂದು ಕೇಳಿತು. ಅವತ್ತೇ ಬಸ್ಸು ಕೆಟ್ಟು ನಿಂತು, ನೀಲಾ ಮನೆ ಮುಟ್ಟುವ ಹೊತ್ತಿಗೆ ಕೂಸು ಅತ್ತು ಅತ್ತು ಮಲಗಿತ್ತು. ಇನ್ನು ಸಾಕು, ಅಂಗಡಿ ಬಿಡು ಅನ್ನಬೇಕೆಂದು ಶಂಭುಲಿಂಗ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಅವನ ತಾಯಿ ಸಿದ್ದವ್ವ ಮಾತಾಡಿದಳು.

“ಅಕಿ ಕೆಲಸ ಬಿಡ್ಸಬ್ಯಾಡ. ಇರೂದಾದ್ರ ಎಲ್ಲಾರೂ ಒಂದ ಕಡೆ ಇರೂಣು. ಹೊರಾಕ ಚೀಲ ಎಲ್ಲೆ ಹೋದ್ರೂ ಸಿಗ್ತಾವ, ಅಂಥಾ ಕೈ ಸಿಗೂದಿಲ್ಲ.”

ಊರು ಬಿಡಲು ಮೊದಲು ಅಡ್ಡ ಬರುವವಳು ತಾಯಿಯೇ ಎಂದು ಅವನು ತಿಳಿದಿದ್ದ. ಅವಳೇ ಹೀಗೆಂದ ಮೇಲೆ, ದಸರೆಯ ರಜೆಯಲ್ಲಿ ಸಾಮಾನು ಕಟ್ಟಿ ನಾಲ್ವರೂ ಶಿಗ್ಗಾಂವಕ್ಕೆ ಬಂದರು. ಅಂಗಡಿಯ ಹಿಂದೆಯೇ ಎರಡು ಖೋಲಿಯ ಮನೆ. ಅಂಕಿತಾಗೆ ಸಾಲಿ ಹತ್ತಿರವಾಯಿತು. ಸಿದ್ದವ್ವ ಎರಡೇ ದಿನದಲ್ಲಿ ನಳದ ಹತ್ತಿರ ನಾಲ್ಕು ಮಂದಿಯ ಪರಿಚಯ ಮಾಡಿಕೊಂಡಳು.

ಕಾಲು ಊರದವನು ಶಂಭುಲಿಂಗನೊಬ್ಬನೇ. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರ ಗುಂಪು ಗಟ್ಟಿ, ಹೊರಗಿನವನಿಗೆ ಜಾಗವಿರಲಿಲ್ಲ. ಹೀಗಾಗಿ ಅಂಗಡಿಯಲ್ಲಿ ಮೋಟಾರು ಎತ್ತಿಡುವುದು, ತಲುಪಿಸುವುದು ಅವನ ಪಾಲಿಗೆ ಬಂತು. ಬಂದ ಗಿರಾಕಿಗಳೆಲ್ಲ ಅವನನ್ನೇ ಮಿಸ್ತ್ರಿ ಎಂದುಕೊಂಡು ಮಾತಾಡಿಸುತ್ತಿದ್ದರು. ಅವನು ಮೊದಮೊದಲು ನೀಲಾಳ ಕಡೆ ಕೈ ತೋರಿಸುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಒಮ್ಮೆ ರೂಮುಗಳ ಮಾಲೀಕನೊಬ್ಬ, ಕೆಲಸ ಭಾರಿ ಚಲೋ ಮಾಡಿದಿರಿ ಎಂದು ಅವನ ಬೆನ್ನು ತಟ್ಟಿದ. ಶಂಭುಲಿಂಗ ನಕ್ಕು ಹೂಂ ಅಂದುಬಿಟ್ಟ. ಒಳಗೆ ತಂತಿ ಸುತ್ತುತ್ತಿದ್ದ ನೀಲಾ ತಲೆ ಎತ್ತಲಿಲ್ಲ. ಯಾಕೆಂದು ಅವನಿಗೆ ಗೊತ್ತಿತ್ತು, ಆ ಮಾತು ಎತ್ತುವ ಧೈರ್ಯವಿರಲಿಲ್ಲ.

ಪರೀಕ್ಷೆಯ ದಿನಗಳಲ್ಲಿ ಹುಡುಗಿಯರ ಹಾಸ್ಟೆಲೊಂದರ ಪಂಪು ಸುಟ್ಟಿತು. ವಾರ್ಡನ್ ಸುಧಾರಾಣಿ ಬೆಳಿಗ್ಗೆ ಏಳಕ್ಕೇ ಫೋನು ಮಾಡಿ, ಈ ವರ್ಷ ಇದು ಎರಡನೇ ಸಲ, ಕೂಡಲೇ ಮಿಸ್ತ್ರಿಯನ್ನು ಕಳಿಸಿ ಎಂದರು. ಗಂಡ ಹೆಂಡತಿ ಇಬ್ಬರೂ ಹೋದರು. ಸಾಮಾನಿನ ಚೀಲ ಶಂಭುಲಿಂಗನ ಹೆಗಲಲ್ಲಿತ್ತು. ಸುಧಾರಾಣಿ ಅವನನ್ನು ಪಂಪಿನ ಕೋಣೆಗೆ ಕರೆದೊಯ್ದರು. ನೀಲಾಗೆ, ನೀನು ಇಲ್ಲೇ ಕೂತಿರು ತಾಯಿ ಎಂದು ಹೊರಗಿನ ಬೆಂಚು ತೋರಿಸಿದರು. ನೀಲಾ ಹೋಗಿ ಕುಳಿತಳು.

ಕೋಣೆಯಲ್ಲಿ ಸುಟ್ಟ ವಾಸನೆ ತುಂಬಿತ್ತು. ಏನಾಗಿದೆ, ಇವತ್ತೇ ಆಗುತ್ತದೆಯೇ, ಹುಡುಗಿಯರಿಗೆ ಮುಖ ತೊಳೆಯಲೂ ನೀರಿಲ್ಲ ಎಂದು ವಾರ್ಡನ್ ಒಂದೇ ಸಮ ಕೇಳುತ್ತಿದ್ದರು. ಶಂಭುಲಿಂಗ ಬಾಗಿಲಾಚೆ ನೋಡಿದ. ನೀಲಾ ನೆಲ ನೋಡುತ್ತ ಕುಳಿತಿದ್ದಳು. ತಾನಾಗಿ ಎದ್ದು ಬರುವವಳಲ್ಲ ಎಂದು ಅವನಿಗೆ ತಿಳಿಯಿತು. ಚೀಲವನ್ನು ಕೆಳಗಿಟ್ಟ.

“ಮೇಡಂ, ನಾ ಮಿಸ್ತ್ರಿ ಅಲ್ರಿ. ಅಲ್ಲೆ ಬೆಂಚಿನ ಮ್ಯಾಲ ಕುಂತಾರಲ್ರಿ, ಅವರು ಮಿಸ್ತ್ರಿ. ನಾ ಅವರ ಗಂಡ. ಮೋಟರ್ ಎತ್ತಾಕ ಬಂದೇನಿ.”

ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು ‘ಅವರು’ ಎಂದದ್ದು ಅದೇ ಮೊದಲು. ಸುಧಾರಾಣಿ ತಾವೇ ಹೊರಗೆ ಹೋಗಿ ನೀಲಾಳನ್ನು ಕರೆತಂದರು.

ನೀಲಾ ಮೋಟಾರಿಗಿಂತ ಮೊದಲು ಗೋಡೆಯ ಮೇಲಿನ ಸ್ಟಾರ್ಟರ್ ಬಿಚ್ಚಿದಳು. ಒಳಗೆ ಕರೆಂಟು ದಾಟಿಸುವ ಒಂದು ಬಿಲ್ಲೆ ಸುಟ್ಟು ಹೋಗಿತ್ತು. ಮೂರು ತಂತಿಯ ಕರೆಂಟಿನಲ್ಲಿ ಎರಡು ಮಾತ್ರ ಮೋಟಾರಿಗೆ ಮುಟ್ಟುತ್ತಿದ್ದವು. ಈ ವರ್ಷ ಎರಡು ಸಲ ಮೋಟಾರು ಸುಟ್ಟದ್ದು ಇದರಿಂದಲೇ, ಇದನ್ನು ಬದಲಿಸದೆ ಎಷ್ಟು ಸಲ ಸುತ್ತಿಸಿದರೂ ಮತ್ತೆ ಸುಡುತ್ತದೆ ಎಂದು ವಿವರಿಸಿದಳು. ಇವತ್ತಿಗೆ ಟ್ಯಾಂಕರ್ ತರಿಸಿಕೊಳ್ಳಿ, ನಾಳೆ ಬೆಳಿಗ್ಗೆ ನೀರು ಏರಿಸಿಕೊಡುತ್ತೇನೆ ಎಂದಳು.

ಆ ದಿನ ಅಂಗಡಿಯಲ್ಲಿ ಮೂವರೂ ಕುಳಿತರು. ಶಂಭುಲಿಂಗ ಕರಕು ತಂತಿ ಕಿತ್ತ, ನೀಲಾ ಸುತ್ತಿದಳು, ಹಜರತಅಲಿ ಪಕ್ಕದಲ್ಲಿ ಕುಳಿತು ಬೆರಳಿನಿಂದಲೇ ತಂತಿ ಮುಟ್ಟಿ ನೋಡಿ ತಲೆದೂಗಿದ. ಮರುದಿನ ಬೆಳಿಗ್ಗೆ ಸ್ಟಾರ್ಟರಿಗೆ ಹೊಸ ಬಿಲ್ಲೆ ಕೂರಿಸಿ ಗುಂಡಿ ಒತ್ತಿದಾಗ ಮೋಟಾರು ತಡವರಿಸದೆ ತಿರುಗಿತು. ಮೇಲಿನ ಅಂತಸ್ತಿನಿಂದ ಹುಡುಗಿಯರ ಗದ್ದಲ ಕೇಳಿಸಿತು. ನಮ್ಮ ಕಾಲೇಜಿನ ಇನ್ನೆರಡು ಹಾಸ್ಟೆಲಿನ ಪಂಪುಗಳನ್ನೂ ನೀವೇ ನೋಡಿಕೊಳ್ಳಿ ಎಂದು ಸುಧಾರಾಣಿ ನೀಲಾಳ ನಂಬರು ಬರೆದುಕೊಂಡರು.

ಮನೆಯತ್ತ ನಡೆಯುವಾಗ ಶಂಭುಲಿಂಗ ಹೇಳಿದ, “ಅವತ್ತು ಆ ರೂಮಿನ ಮಾಲೀಕಗೂ ಹೇಳಬೇಕಿತ್ತು ನಾ.”

“ಹೌದು, ಹೇಳಬೇಕಿತ್ರಿ,” ಎಂದಳು ನೀಲಾ. “ನಾಳಿಂದ ಫ್ಯಾನ್ ಸುತ್ತೂದು ಕಲೀರಿ. ನಿಮ್ಮ ಕೈ ಒರಟ ಅದಾವ, ತಡ ಆಗ್ತೈತಿ. ಆದ್ರ ಬರ್ತೈತಿ.”

ಬಂತು, ಆದರೆ ಬೇಗ ಬರಲಿಲ್ಲ. ಅವನು ಸುತ್ತಿದ ಮೊದಲ ಫ್ಯಾನು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ನೀಲಾ ಪೂರ್ತಿ ಬಿಚ್ಚಿ ಮತ್ತೆ ಅವನ ಮುಂದಿಟ್ಟಳು. ಎರಡನೆಯ ಸಲ ಉಲ್ಟಾ ತಿರುಗಿತು. ಮೂರನೆಯ ಸಲ ಸರಿಯಾಗಿ ತಿರುಗಿದ ಆ ಫ್ಯಾನನ್ನು ಗಿರಾಕಿಗೆ ಕೊಡಲು ಅವನಿಗೆ ಮನಸ್ಸಾಗದೆ, ಬೇರೊಂದು ಕೊಟ್ಟು ಕಳಿಸಿ, ಇದನ್ನು ತಾಯಿಯ ಖೋಲಿಯಲ್ಲಿ ತೂಗುಹಾಕಿದ. ಸ್ವಲ್ಪ ಸಪ್ಪಳ ಮಾಡುತ್ತದೆ. ಸಿದ್ದವ್ವ ಅದರ ಕೆಳಗೆ ಮಧ್ಯಾಹ್ನದ ನಿದ್ದೆ ತೆಗೆಯುತ್ತಾಳೆ, ಯಾರಾದರೂ ಬಂದರೆ ಇದು ನನ್ನ ಮಗ ಮಾಡಿದ್ದು ಎಂದು ತೋರಿಸಿ, ಕಲಿಸಿದವಳು ಸೊಸೆ ಎಂದೂ ಹೇಳುತ್ತಾಳೆ.